ಬಾಗಿಲು ಹಾಕಿದ ಹೊತ್ತು

ಮೀನು ಹೆಪ್ಪುಗಟ್ಟಿಸುವ ಶೀತಲ ಕೋಣೆಯ ಬಾಗಿಲು ಹಾಕುವ ಮುನ್ನ, ಒಳಗೆ ಯಾರಾದರೂ ಇದ್ದೀರಾ ಎಂದು ಎರಡು ಸಲ ಕೂಗಬೇಕು. ಕಾರ್ಖಾನೆಯಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಕಳೆದ ವಾರ ಒಬ್ಬ ಕೂಲಿಯಾಳು ಒಳಗೇ ಉಳಿದುಹೋದ. ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಹೆಣವಾಗಿದ್ದ. ಬಾಗಿಲ ಯಂತ್ರದ ದಾಖಲೆ ಓದಲು ಪೊಲೀಸರಿಗೆ ಪೈಥಾನ್ ಪ್ರೋಗ್ರಾಮ್ ಬರೆದುಕೊಟ್ಟವಳು ಪ್ರಮೀಳಾ. ಬಾಗಿಲು ಹಾಕಿದ್ದು ಮಧ್ಯಾಹ್ನ ಒಂದು ನಲವತ್ತಕ್ಕೆ ಎಂದು ಅದು ತೋರಿಸಿತು. ಆ ಪಾಳಿಯಲ್ಲಿದ್ದ ದೇಜಪ್ಪನನ್ನು ಪೊಲೀಸರು ಒಳಗೆ ಹಾಕಿದರು.

"ಕೂಗಿದ್ದೆ ಅಂತಾನಂತೆ ದೇಜಣ್ಣ," ಎಂದ ಪ್ರಮೀಳಾಳ ತಮ್ಮ ಸುಕೇಶ, ಊಟಕ್ಕೆ ಕೂರುತ್ತಾ. ದೇಜಪ್ಪ ಇಳಿದ ಮೇಲಿನ ಸಂಜೆಯ ಪಾಳಿ ಇವನದು. "ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳುದು."

ಪ್ರಮೀಳಾ ಅವನ ತಟ್ಟೆಗೆ ಬಂಗುಡೆ ಸಾರು ಬಡಿಸಿದಳು.

"ಹಾಕಿದ್ದು ಅವನಲ್ಲ ಮಾರಾಯ. ತಪ್ಪು ನನ್ನದು. ಆ ಯಂತ್ರ ಬರೆಯುದು ಗ್ರೀನಿಚ್ ಸಮಯ. ಅದರ ಗುರುತಿಗೆ ಪ್ರತಿ ಸಾಲಿನ ಕೊನೆಗೆ ಒಂದು ಝಡ್ ಇತ್ತು. ನನ್ನ ಪ್ರೋಗ್ರಾಮ್ ಆ ಝಡ್ ಬಿಟ್ಟು ಓದಿ, ಅದನ್ನೇ ನಮ್ಮ ಗಂಟೆ ಅಂದುಕೊಂಡಿದೆ. ಐದೂವರೆ ಗಂಟೆ ಸೇರಿಸಬೇಕಿತ್ತು."

"ಹಾಗಾದ್ರೆ?"

"ಬಾಗಿಲು ಹಾಕಿದ್ದು ಸಂಜೆ ಏಳು ಹತ್ತಕ್ಕೆ."

ಸುಕೇಶ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟ.

"ಯಾರಿಗಾದ್ರೂ ಹೇಳಿದ್ಯಾ?"

"ಬೆಳಿಗ್ಗೆಯೇ ಇನ್ಸ್‌ಪೆಕ್ಟರಿಗೆ ಕಳಿಸಿದೆ. ನಿನಗೆ ಮೊದಲು ಹೇಳಿದ್ರೆ ಕಳಿಸ್ಲಿಕ್ಕೆ ಆಗ್ತಿರಲಿಲ್ಲ."



"ನಾನು ಕೂಗಿದ್ದೆ, ಅಕ್ಕ," ಎಂದ.