ಸೀಲು ಬಿಚ್ಚದ ಬಂದೂಕು

ಬಸವಕಿರಣ ಬ್ಲೇಡಿನಿಂದ ಡಬ್ಬಿಯ ಸೀಲು ಸೀಳಿದ. ಸ್ಪಂಜಿನ ಗುಂಡು ಹಾರಿಸುವ ಆಟದ ಬಂದೂಕುಗಳು ಅವನ ಕಪಾಟಿನ ತುಂಬ ಇದ್ದವು. ಕಂಪನಿಯ ಕೆಲಸಕ್ಕೆ ಆನ್‌ಸೈಟಿಗೆ ಹೋದಾಗ ಅಮೆರಿಕದಿಂದ ತಂದ ಈ ನೀಲಿಯದು ಮಾತ್ರ ಮೊದಲ ಮಾದರಿ. ಆಮೇಲೆ ಬಂದವೆಲ್ಲ ಹಳದಿ. ಮಗಳು ಪ್ರಾಚಿ ಅತ್ತು ಕೇಳಿದಾಗಲೆಲ್ಲ, "ಸೀಲ್ ಬಿಚ್ಚಿದ್ರ ಕಿಮ್ಮತ್ತು ಹೋಗ್ತೈತಿ" ಎಂದು ಗದರಿಸಿದ್ದ.

ಕೆಳಗೆ ಕ್ಯಾಬ್‌ನ ಹಾರ್ನ್ ಕೇಳಿಸಿತು. ಅವನಿಂದ ವಿಚ್ಛೇದನ ಪಡೆದ ಶೀತಲ ಮಗಳನ್ನು ಕರೆದುಕೊಂಡು ಕುಷಾಯಿಗೂಡದ ತವರಿಗೆ ಹೊರಟಿದ್ದಳು.

"ಒಂದ ನಿಮಿಷ, ಪ್ರಾಚಿ! ಇದು ಇನ್ನ ನಿಂದ. ಹೊಡಿ, ನೋಡೂಣು."

ಅವನು ಗುಂಡು ತುಂಬಲು ಹೋದ. ಹಳೆಯ ಸ್ಪಂಜು ಬೆರಳಲ್ಲೇ ಪುಡಿಯಾಗಿ ಉದುರಿತು. ಇನ್ನೊಂದು ತೆಗೆದ. ಅದೂ ಪುಡಿಯಾಯಿತು.

ಪ್ರಾಚಿ ಅವನ ಅಂಗಿಯ ಮೇಲೆ ಬಿದ್ದ ಪುಡಿಯನ್ನು ಮೆಲ್ಲಗೆ ಕೊಡವಿ, ಬ್ಯಾಗು ಎತ್ತಿಕೊಂಡಳು.

"ಇರಲಿ ಬಿಡ್ರಿ, ಪಪ್ಪಾ. ನಾ ಕೇಳಿದ್ದು ಸಣ್ಣಾಕಿ ಇದ್ದಾಗ."