ತಣ್ಣನೆಯ ಪ್ಲಮ್ ಗಿಡ

ಹಿತ್ತಲಿಗೆ ಪ್ಲಮ್ ಗಿಡ ಆರಿಸೋಕೆ ಅತ್ತೆಯನ್ನು ನರ್ಸರಿಗೆ ಕರೆದುಕೊಂಡು ಹೋಗಿದ್ದೇ ನನ್ನ ತಪ್ಪು.

ಚಳಿಗಾಲ ಬರೋದೇ ನಿಂತುಹೋದ ಮೇಲೆ ಬಂದ ಹೊಸ ಜಾತಿ ಗಿಡಗಳು ಈಗ ಎಲ್ಲರ ಮನೆಯಲ್ಲೂ ಇವೆ. ಮೈ ಬೆಚ್ಚಗೆ, ಮುಟ್ಟಿದರೆ ಕರುವಿನ ಕತ್ತು ಸವರಿದ ಹಾಗೆ. ನಾನು ಅಂಥದ್ದೊಂದು ಜೋಡಿ ಆರಿಸಿದೆ. ಒಂದೇ ನೆಟ್ಟರೆ ಕಾಯಿ ಕಟ್ಟೋದಿಲ್ಲವಲ್ಲ. ಕಾಂಡ ಹದವಾಗಿ ಬೆವರುತ್ತಿತ್ತು.

"ಇದು ಬೇಡ ವಾಗ್ದೇವಿ," ಅಂದರು ಅತ್ತೆ. "ಹಳೇ ಜಾತೀದು ಇದೆಯೇನಪ್ಪಾ?"

ನರ್ಸರಿಯ ದ್ಯಾವಪ್ಪ ಹಿಂದಿನ ತಂಪು ಕೋಣೆಯಿಂದ ಒಂದು ಕುಂಡ ತಂದಿಟ್ಟ. ಒಂದು ಎಲೆಯೂ ಇಲ್ಲದ ಬೋಳು ಕಡ್ಡಿ.

"ಮಲಗಿದೆ ಅಮ್ಮಾ. ಚಳಿ ಸಿಗದಿದ್ದರೆ ಹೂ ಬಿಡೋದಿಲ್ಲ. ಯಾರೂ ಕೊಳ್ಳೋದಿಲ್ಲ ಇದನ್ನ."

ಬೆರಳ ತುದಿಯಿಂದ ಮುಟ್ಟಿದೆ. ತಣ್ಣಗಿತ್ತು! ಥೇಟ್ ಹೆಣ ಮುಟ್ಟಿದ ಹಾಗೆ. ಕೈ ಹಿಂದಕ್ಕೆ ಎಳೆದುಕೊಂಡೆ.

"ಥೂ! ಇದನ್ನ ಮನೆಗೆ ತರ್ತಾರಾ ಯಾರಾದ್ರೂ? ಬಿಡಿ ಅತ್ತೆ, ಮೈಲಿಗೆ!"

ಅತ್ತೆಗೆ ಕೇಳಿಸಲೇ ಇಲ್ಲ. ಆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಕೊನೆಗೆ ದ್ಯಾವಪ್ಪನೇ ಮೆಲ್ಲಗೆ ಬಿಡಿಸಿಕೊಂಡು ಕುಂಡವನ್ನು ಒಳಗಿಟ್ಟ.

ಬೆಚ್ಚಗಿನ ಜೋಡಿಯನ್ನೇ ತಂದೆ. ಸಾವಿನ ಮನೆಯಿಂದ ಬಂದವರ ಹಾಗೆ ಏನನ್ನೂ ಮುಟ್ಟದೆ ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. "ನೀವೂ ಬನ್ನಿ ಅತ್ತೆ, ಸ್ನಾನ ಮಾಡಿ," ಅಂತ ಕೂಗಿದೆ.

ಹೋಗಿ ನೋಡಿದರೆ ಹಿತ್ತಲ ಕಟ್ಟೆ ಮೇಲೆ ಕೂತಿದ್ದಾರೆ. ಕೈ ಕೂಡ ತೊಳೆದಿಲ್ಲ. ಆ ಅಸಹ್ಯದ ಕೈಗಳನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಾರೆ.

"ತಡಿಯೇ," ಅಂದರು. "ಇನ್ನೂ ಒಂಚೂರು ತಣ್ಣಗಿದೆ."