ಮಾತ್ರೆ ಕೊಡುವ ಮೊದಲು

ಸುಗಂಧಿ ಮಾತ್ರೆಯ ತಟ್ಟೆ ಹಿಡಿದು ಒಳಗೆ ಬಂದಳು. ಆಸ್ಪತ್ರೆಗೆ ಆಯಾ ಆಗಿ ಸೇರಿದ್ದ ಅವಳಿಗೆ ಮಾತ್ರೆ ಕೊಡುವುದನ್ನು ಕಲಿಸಿದವರೇ, ಹಿಂದೆ ಇಲ್ಲೇ ನರ್ಸ್ ಆಗಿದ್ದ ಫ್ಲೋರಿನ್ ಸಿಸ್ಟರ್. ಎಂದಿನಂತೆ ಪರೀಕ್ಷೆ ಶುರುಮಾಡಿದರು.

"ನರ್ಸ್ ಹೇಳಿ ಕಳಿಸಿದ ಮಾತ್ರೇನೇ ತಾನೆ?"

"ಹೌದು ಸಿಸ್ಟರ್."

"ಡಾಕ್ಟರ ಹಾಗೆ ಮುಖ ಊದಿಸ್ಬೇಡ, ರೋಗಿಗೆ ಇದ್ದ ಜೀವವೂ ಹೋಗ್ತದೆ. ಕೊಡೋ ಮೊದಲು ಏನು ಮಾಡ್ತೀ?"

"ಅವರ ಬಾಯಿಂದಲೇ ಹೆಸರು ಹೇಳಿಸ್ತೇನೆ."

"ಹೇಳದಿದ್ರೆ?"

"ಕೊಡಬಾರದು."

"ತುಂಬಾ ಗುರುತಿನವರಾದ್ರೆ?"

"ಆದ್ರೂ..." ಸುಗಂಧಿಯ ದನಿ ಇಳಿಯಿತು.

"ಅಳ್ತೀ ಯಾಕೆ? ಪಾಸಾದೆ. ಹೋಗಿ ಕೊಡು."

ಸುಗಂಧಿ ಮಂಚದ ಪಕ್ಕ ಕೂತು, ಹೊದಿಕೆಯೊಳಗಿದ್ದ ಅವರ ಕೈ ಹಿಡಿದಳು. "ನಿಮ್ಮ ಹೆಸರು ಹೇಳಿ ಸಿಸ್ಟರ್."

ಫ್ಲೋರಿನ್ ಸಿಸ್ಟರ್ "ನನ್ನ ಹೆಸರು..." ಎಂದು ಶುರುಮಾಡಿ, ಮುಂದಿನದನ್ನು ಅವಳ ಮುಖದಲ್ಲಿ ಹುಡುಕಿದರು.

"ನರ್ಸ್‌ನ ಕರಿ ಮಗಾ" ಅಂದರು.